ಶುಕ್ರನ ಮೋಡ ನಮ್ಮ ಪ್ರಾಜೆಕ್ಟ್ ಯಾಕಾಗಬಾರದು?

ಏಳನೇ ಸೆಮ್ ಶುರುವಾದರೆ ಸಾಕು, ಕ್ಯಾಂಟೀನಲ್ಲಿ ಒಂದೇ ಪ್ರಶ್ನೆ: 'ಪ್ರಾಜೆಕ್ಟ್ ಎಲ್ಲಿ ತಗೊಂಡ್ರಿ?' 'ಏನ್ ಮಾಡ್ತಿದ್ದೀರಿ?' ಅಂತ ಕೇಳೋರು ಕಡಿಮೆ. ದುಡ್ಡು ಕೊಟ್ಟರೆ ಕೋಡ್, ರಿಪೋರ್ಟ್, ಪಿಪಿಟಿ ಎಲ್ಲ ರೆಡಿ ಸಿಗುತ್ತೆ. 'ಬೇರೆ ಐಡಿಯಾ ಎಲ್ಲಿದೆ?' ಅನ್ನೋರಿಗೆ ನಾವೊಂದು ಹೇಳ್ತೀವಿ: ಶುಕ್ರನ ಮೋಡ ನೋಡಿ.

ಜಪಾನಿನ ಅಕಟ್ಸುಕಿ ನೌಕೆ 2015ರಿಂದ 2024ರವರೆಗೆ ಶುಕ್ರನನ್ನು ಸುತ್ತುತ್ತಾ ಅಲ್ಲಿನ ಹವೆಯನ್ನು ಗಮನಿಸಿತು. ಶುಕ್ರ ತನ್ನ ಸುತ್ತ ತಾನು ತಿರುಗಲು 243 ದಿನ ಬೇಕು. ಅದರ ಮೇಲ್ಪದರದ ಮೋಡಗಳು ಮಾತ್ರ ಸುಮಾರು ನಾಲ್ಕೇ ದಿನದಲ್ಲಿ ಇಡೀ ಗ್ರಹವನ್ನು ಸುತ್ತಿ ಬರುತ್ತವೆ!

ಕಕ್ಷೆಯಲ್ಲಿ ಕೂತು ಗಾಳಿಯ ವೇಗ ಅಳೆಯೋದು ಹೇಗೆ? ನೇರಳಾತೀತ ಕ್ಯಾಮೆರಾದಲ್ಲಿ ಮೋಡಗಳ ಮೇಲೆ ಕಪ್ಪು-ಬಿಳಿ ಪಟ್ಟೆಗಳು ಕಾಣುತ್ತವೆ. ಎರಡು ಗಂಟೆ ಅಂತರದ ಎರಡು ಚಿತ್ರ ತಗೊಂಡು, ಮೊದಲನೆಯದರ ಒಂದು ತುಣುಕು ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಅಂತ ಹುಡುಕಬೇಕು. 720 ಕಿ.ಮೀ. ಸರಿದಿದ್ದರೆ ವೇಗ ಸೆಕೆಂಡಿಗೆ 100 ಮೀಟರ್. ಶುಕ್ರನ ಗಾಳಿ ಹೆಚ್ಚೂಕಡಿಮೆ ಇಷ್ಟೇ ಜೋರು. ಈ ಹುಡುಕಾಟಕ್ಕೆ ಬೇಕಾದದ್ದು ಕ್ರಾಸ್-ಕೋರಿಲೇಶನ್. ಅದೇ, ನಾವು ಡಿಎಸ್‌ಪಿ ಲ್ಯಾಬ್ ರೆಕಾರ್ಡಿನಲ್ಲಿ ಬರೆದು ಮರೆತದ್ದು. ಅಕಟ್ಸುಕಿಯ ಚಿತ್ರಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಆನ್‌ಲೈನಲ್ಲಿವೆ. ಅಕ್ಷಾಂಶ-ರೇಖಾಂಶಕ್ಕೆ ಹೊಂದಿಸಿದ ಚಿತ್ರಗಳೂ ಸಿಗುತ್ತವೆ. ಖರ್ಚು ನಮ್ಮ ಹಾಸ್ಟೆಲ್ ವೈಫೈ ಮಾತ್ರ.

ಇದು ನಮಗೆ ದೂರದ ವಿಷಯವೂ ಅಲ್ಲ. ಶುಕ್ರನ ವಾತಾವರಣವನ್ನು ಹಾದು ಬಂದ ಅಕಟ್ಸುಕಿಯ ರೇಡಿಯೊ ಸಂಕೇತವನ್ನು ಹಿಡಿದ ಆಂಟೆನಾಗಳಲ್ಲಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನದೂ ಒಂದು. ಇಸ್ರೋದ ಶುಕ್ರಯಾನಕ್ಕೆ 2024ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆಯೂ ಸಿಕ್ಕಿದೆ. ಅದು ಕಳಿಸುವ ಡೇಟಾವನ್ನು ನೋಡಬೇಕಾದವರು ನಮ್ಮ ವಯಸ್ಸಿನವರೇ ತಾನೆ?

'ಔಟ್‌ಪುಟ್ ಬರದಿದ್ರೆ ಮಾರ್ಕ್ಸ್ ಯಾರ್ ಕೊಡ್ತಾರೆ?' ಈ ಭಯ ಸುಳ್ಳಲ್ಲ, ರೆಡಿಮೇಡ್ ಪ್ರಾಜೆಕ್ಟ್ ಮಾರಾಟವಾಗೋದೇ ಇದರಿಂದ. ಆದರೆ ಅಕಟ್ಸುಕಿಗೂ ಮೊದಲ ಸಲ ಔಟ್‌ಪುಟ್ ಬಂದಿರಲಿಲ್ಲ. 2010ರಲ್ಲಿ ಮುಖ್ಯ ಎಂಜಿನ್ ಕೈಕೊಟ್ಟು ಶುಕ್ರನನ್ನು ದಾಟಿ ಹೋಯಿತು. ಎಲ್ಲಿ ತಪ್ಪಾಯಿತು ಅಂತ ತಂಡ ಹುಡುಕಿತು, ನೌಕೆ ಐದು ವರ್ಷ ಸೂರ್ಯನನ್ನು ಸುತ್ತಿತು, ಕೊನೆಗೆ ದಿಕ್ಕು ತಿದ್ದಲು ಇಟ್ಟಿದ್ದ ಪುಟ್ಟ ಥ್ರಸ್ಟರ್‌ಗಳಿಂದಲೇ ಕಕ್ಷೆ ಸೇರಿತು.

ಹಾಗಾಗಿ ನಮ್ಮ ಗುರುಗಳಲ್ಲೂ ಒಂದು ಮನವಿ: ಔಟ್‌ಪುಟ್ ಯಾಕೆ ಬರಲಿಲ್ಲ ಅಂತ ನೆಟ್ಟಗೆ ವಿವರಿಸಿದವರಿಗೂ ರಿವ್ಯೂನಲ್ಲಿ ಮಾರ್ಕ್ಸ್ ಕೊಡಿ. ಆಗ ಕೊಂಡು ತರೋರು ಕಡಿಮೆಯಾಗ್ತಾರೆ. ನಾವಂತೂ ಈ ವಾರಾಂತ್ಯಕ್ಕೆ ಎರಡು ಚಿತ್ರ ಇಳಿಸಿಕೊಳ್ತೀವಿ. ಗಾಳಿ ಎತ್ತ ಬೀಸುತ್ತೋ ನೋಡೇ ಬಿಡೋಣ.