ಫೋರ್ಟಿಂಗಾಲಿನ ಮುದಿಮರ ಮತ್ತು ನಮ್ಮ ಭಕ್ತಿ

ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದಲ್ಲಿ ಫೋರ್ಟಿಂಗಾಲ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿಯ ಹಳೆಯ ಚರ್ಚಿನ ಅಂಗಳದಲ್ಲಿ, ಕಲ್ಲುಗೋಡೆಯ ಆವರಣದೊಳಗೆ, ಒಂದು ಯೂ ಮರ ನಿಂತಿದೆ. ವರ್ಷವಿಡೀ ಹಸುರಾಗಿರುವ ಜಾತಿಯ ಮರವದು. ಅದರ ವಯಸ್ಸೆಷ್ಟೆಂದು ಇಂದಿಗೂ ಯಾರೂ ಖಚಿತವಾಗಿ ಹೇಳಲಾರರು. ಮರದ ವಯಸ್ಸನ್ನು ಅರಿಯಬೇಕಾದರೆ ಕಾಂಡದೊಳಗಿನ ಉಂಗುರಗಳನ್ನು ಎಣಿಸಬೇಕು. ಈ ಮರದ ಒಡಲಾದರೋ ಎಂದೋ ಟೊಳ್ಳಾಗಿ ಹೋಗಿದೆ. 2,000ದಿಂದ 3,000 ವರ್ಷಗಳೆಂಬುದು ತಜ್ಞರ ಸಾಮಾನ್ಯ ಅಂದಾಜು; 5,000 ವರ್ಷಗಳೆನ್ನುವವರೂ ಉಂಟು.

ಆ ಅಂಗಳದಲ್ಲಿ ಮರವೇ ಹಿರಿದು, ದೇವಾಲಯವೇ ಕಿರಿದು. 7ನೆಯ ಶತಮಾನದ ಹೊತ್ತಿಗೆ ಅಲ್ಲಿ ಸನ್ಯಾಸಿಗಳ ಮಠವೊಂದು ಇದ್ದಿರಬೇಕೆಂದು ಪುರಾತತ್ವಜ್ಞರು ಭಾವಿಸುತ್ತಾರೆ. ಮುಂದೆ ಶತಮಾನಗಳ ಕಾಲ ಆ ನಾಡಿನಲ್ಲಿ ಲತೀನ್ ಭಾಷೆಯ ಬಲಿಪೂಜೆ ನಡೆಯಿತು. 1560ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಅದನ್ನು ನಿಷೇಧಿಸಿತು. ಅನಂತರ ಆ ಚರ್ಚು ಸುಧಾರಿತ ಪಂಥದ ಬಾಂಧವರದಾಯಿತು. ಕ್ರೈಸ್ತರು ಒಡೆದು ಬೇರೆಯಾದುದಕ್ಕೆ ಸಾಕ್ಷಿಯಾದ ಮರ ಮಾತ್ರ ಎಲ್ಲರಿಗೂ ಒಂದೇ ನೆರಳನ್ನು ನೀಡುತ್ತಾ ಬಂದಿದೆ.

ಪೊಂತಿಯಸ್ ಪಿಲಾತನು ಹುಟ್ಟಿದ್ದು ಈ ಮರದ ಅಡಿಯಲ್ಲೇ ಎಂಬ ಐತಿಹ್ಯವೊಂದು ಅಲ್ಲಿ ಪ್ರಚಲಿತವಾಗಿದೆ. ಆದರೆ ಪಿಲಾತನು ಯೂದಾಯದ ಅಧಿಪತಿಯಾಗಿದ್ದುದು ಕ್ರಿ.ಶ. 26ರಿಂದ 36ರವರೆಗೆ, ರೋಮನ್ ಸೈನ್ಯ ಸ್ಕಾಟ್ಲೆಂಡನ್ನು ಹೊಕ್ಕದ್ದು ಕ್ರಿ.ಶ. 80ರ ಸುಮಾರಿಗೆ. ಕಥೆಗೆ ಚರಿತ್ರೆಯ ಆಧಾರವಿಲ್ಲ. ದೇವರ ಸೃಷ್ಟಿಯೇ ನಮ್ಮೆದುರು ಜೀವಂತವಾಗಿ ನಿಂತಿರುವಾಗ, ಅದರ ಘನತೆಗೆ ಕಟ್ಟುಕಥೆಯ ಊರುಗೋಲು ಬೇಕೆ?

ಕಥೆಯಿಂದ ಮರಕ್ಕೆ ಹಾನಿಯಾಗದು. ಹಾನಿಯಾದದ್ದು ಮನುಷ್ಯರ ಕೈಗಳಿಂದ. 1769ರಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸರು ಅಳೆದಾಗ ಕಾಂಡದ ಸುತ್ತಳತೆ 52 ಅಡಿಗಳಷ್ಟಿತ್ತು. ಕಾಂಡ ಸೀಳಿ ಉಂಟಾದ ಕಮಾನಿನ ನಡುವೆ ಶವಯಾತ್ರೆಗಳು ಹಾದುಹೋಗುತ್ತಿದ್ದವಂತೆ. ಹಬ್ಬದ ಬೆಂಕಿಯನ್ನು ಮರದ ಬುಡದಲ್ಲೇ ಉರಿಸಿದರು. ನೆನಪಿಗೆಂದು ಬಂದವರೆಲ್ಲ ಒಂದೊಂದು ತುಂಡನ್ನು ಕತ್ತರಿಸಿ ಒಯ್ದರು. ಕೊನೆಗೆ 1785ರಲ್ಲಿ ಸುತ್ತ ಗೋಡೆ ಕಟ್ಟಬೇಕಾಯಿತು. ಇಂದು ಉಳಿದಿರುವುದು ಬೇರೆ ಬೇರೆ ಮರಗಳಂತೆ ಕಾಣುವ ಕೆಲವೇ ಕಾಂಡಗಳು. ಗೋಡೆಯೂ ಸಾಲಲಿಲ್ಲ. ಸಂದರ್ಶಕರು ಒಳನುಗ್ಗಿ ಕಡ್ಡಿ ಮುರಿಯುತ್ತಾರೆ, ಕೊಂಬೆಗಳಿಗೆ ಮಣಿ, ರಿಬ್ಬನ್ನು ಕಟ್ಟುತ್ತಾರೆ, ಇದರಿಂದ ಮರ ಬಳಲುತ್ತಿದೆ ಎಂದು ಅದನ್ನು ನೋಡಿಕೊಳ್ಳುವವರು 2019ರಲ್ಲಿ ನೋವಿನಿಂದ ಹೇಳಬೇಕಾಯಿತು.

ಇವರಲ್ಲಿ ಯಾರೂ ಮರದ ವೈರಿಗಳಲ್ಲ ಎಂಬುದನ್ನು ನಾವು ಗಮನಿಸಬೇಕು. ಎಲ್ಲರೂ ಪ್ರೀತಿಯಿಂದ, ಬೆರಗಿನಿಂದ ಬಂದವರೇ. ಒಬ್ಬನು ಒಯ್ದದ್ದು ಒಂದೇ ಕಡ್ಡಿ. ಆದರೆ ಸಾವಿರಾರು ಭಕ್ತರ ಸಾವಿರಾರು ಕಡ್ಡಿಗಳಿಂದ ಒಂದು ಮಹಾವೃಕ್ಷ ಚೂರಾಯಿತು. ಪವಿತ್ರವಾದುದರ ಚೂರೊಂದು ತನ್ನ ಮನೆಯಲ್ಲಿರಲಿ ಎಂಬ ಆಸೆ ನಮಗೂ ಹೊಸದಲ್ಲ. ಪಡೆಯುವುದನ್ನೇ ಭಕ್ತಿಯೆಂದುಕೊಂಡಾಗ ಉಳಿಸುವುದು ಮರೆತುಹೋಗುತ್ತದೆ.

ಇಷ್ಟಾದರೂ ಮರ ಸೋತಿಲ್ಲ. ಯೂ ಮರಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಫೋರ್ಟಿಂಗಾಲಿನದು ಗಂಡುಮರವೆಂದೇ ದಾಖಲಾಗಿತ್ತು. 2015ರಲ್ಲಿ ಅದರ ಒಂದು ಕೊಂಬೆಯಲ್ಲಿ ಮೂರು ಕೆಂಪು ಹಣ್ಣುಗಳು ಕಾಣಿಸಿಕೊಂಡವು! ಒಂದು ಕೊಂಬೆ ಮಾತ್ರ ಏಕೆ ಹೆಣ್ಣಾಯಿತೆಂಬುದು ಬಿಡಿಸದ ಒಗಟು. ಎಡಿನ್‌ಬರೋದ ರಾಜ ಸಸ್ಯೋದ್ಯಾನದವರು ಈ ಮರದಿಂದಲೂ ಇತರ ಪ್ರಾಚೀನ ಯೂ ಮರಗಳಿಂದಲೂ ಸಸಿಗಳನ್ನು ಬೆಳೆಸಿ, ಅವುಗಳಿಂದ ಬೇಲಿಯನ್ನೇ ನಿರ್ಮಿಸುತ್ತಿದ್ದಾರೆ. ಅವರೂ ಮರದಿಂದ ಕಡ್ಡಿಯನ್ನು ತೆಗೆದುಕೊಂಡವರೇ. ಆದರೆ ಅದನ್ನು ಮಣ್ಣಿಗೆ ಮರಳಿಸಿದರು.

ಆ ಹಣ್ಣುಗಳು ಕಂಡ ವರ್ಷದಲ್ಲೇ ಜಗದ್ಗುರು ಫ್ರಾನ್ಸಿಸರು ‘ಲೌದಾತೊ ಸಿ’ ಎಂಬ ವಿಶ್ವಪರಿಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಮನೆಯ ಹಿರಿಯರನ್ನು ಕಡೆಗಣಿಸುವುದು ಮಕ್ಕಳಿಗೆ ಶೋಭಿಸದು. ನಮ್ಮ ದೇವಾಲಯಗಳ ಅಂಗಳದಲ್ಲಿಯೂ ಅಜ್ಜಂದಿರ ಕಾಲದ ಮರಗಳಿವೆ. ಸಭಾಭವನವೋ ವಾಹನಗಳಿಗೆ ಜಾಗವೋ ಬೇಕಾದಾಗ ಮೊದಲ ಕೊಡಲಿಪೆಟ್ಟು ಬೀಳುವುದು ಅವುಗಳಿಗೇ. ಮುಂದಿನ ಬಾರಿ ನೀಲನಕ್ಷೆ ಸಿದ್ಧವಾಗುವಾಗ, ಧರ್ಮಕೇಂದ್ರದ ಪಾಲನಾ ಮಂಡಳಿ ಮರದ ಬುಡದಲ್ಲೇ ಸಭೆ ಸೇರಲಿ ಎಂಬುದು ನಮ್ಮ ವಿನಂತಿ. ನೆರಳಿನಲ್ಲಿ ಕುಳಿತವರಿಗೆ ಅದನ್ನು ಕಡಿಯುವ ನಿರ್ಣಯ ಸುಲಭವಾಗದು.