‘4 ಅಂದ್ರ ಎಷ್ಟು?’: ಕಲಬುರಗಿಯ ಟಿವಿಗೆ ಮತ್ತೆ ಒಬ್ಬ ವಿಜ್ಞಾನಿ ಬೇಕು

2021ರ ಅಕ್ಟೋಬರ್. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಪದೇ ಪದೇ ಸದ್ದು ಬರುತ್ತಿತ್ತು. ಅಕ್ಟೋಬರ್ 11ರ ರಾತ್ರಿ ಬಂದ ಕಂಪನದ ತೀವ್ರತೆ 4ರ ಆಸುಪಾಸು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಆಗ ಪಕ್ಕದ ಸೇಡಂ ತಾಲ್ಲೂಕಿನ ಆಡಕಿಯಿಂದ ನನ್ನ ಕಾಕಾ ಫೋನ್ ಮಾಡಿದರು. “ತಮ್ಮಾ, ನೀ ಇಂಜಿನಿಯರಿಂಗ್ ಓದೀದಿ. ಟಿವಿದಾಗ 4 ಅಂತ ತೋರಸ್ಲಾಕತ್ತಾರ. 4 ಅಂದ್ರ ಎಷ್ಟು? ಮನ್ಯಾಗ ಮಲ್ಕೋಬೇಕೋ, ಹೊರಗ ಮಲ್ಕೋಬೇಕೋ?”

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಓದಿ, ಪರಿಚಯದವರನ್ನು ಕೇಳಿ ಉತ್ತರ ಹೇಳೋಕೆ ನನಗೆ ಒಂದು ತಾಸು ಬೇಕಾಯಿತು. ಅಷ್ಟು ಹೊತ್ತೂ ಟಿವಿಯಲ್ಲಿ ಅದೇ 4, ಕೆಂಪು ಅಕ್ಷರದಲ್ಲಿ, ಹಿಂದೆ ಬಿರುಕು ಬಿಟ್ಟ ಭೂಮಿಯ ಗ್ರಾಫಿಕ್ಸ್. ಅಧಿಕಾರಿಗಳ ಕಡೆಯಿಂದ ‘ಆತಂಕ ಬೇಡ’ ಅನ್ನೋ ಮಾತು. ಕಾಕಾ ಕೇಳಿದ ಪ್ರಶ್ನೆಗೆ ಇವೆರಡೂ ಉತ್ತರವಾಗಿರಲಿಲ್ಲ.

ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ನಮ್ಮ ಭಾಗದವರಿಗೆ ಭೂಕಂಪ ಅಂದರೆ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ. ಅದರ ತೀವ್ರತೆ 6.2, ಸತ್ತವರು ಸುಮಾರು 10,000. ಗಡಿಕೇಶ್ವರದ ಕಂಪನದ ಶಕ್ತಿ ಅದರ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತಿದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ ಮೈಮೇಲೆ ಬಿದ್ದು. ನಮ್ಮ ಕಡೆಯೂ ಹಳೇ ಮನೆಗಳು ಅಂಥವೇ. ಗೋಡೆ ಬಿರುಕು ಬಿಟ್ಟಿದ್ದರೆ ಹೊರಗೆ ಮಲಗೋದೇ ಸರಿ. ಇನ್ನು ಆ ಸದ್ದು: ಕಂಪನ ಮೇಲ್ಪದರದಲ್ಲೇ ಹುಟ್ಟಿದರೆ ಹಾಗೆ ಕೇಳಿಸುತ್ತದೆ. ಜೋರು ಮಳೆಯ ನಂತರ ನೀರು ಬಂಡೆಯ ಬಿರುಕಿಗೆ ಇಳಿದು ಒಳಗಿನ ಒತ್ತಡ ಬದಲಾಗುತ್ತದೆ ಅನ್ನೋದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. ಮುಂದಿನ ಕಂಪನದ ದಿನಾಂಕ ಯಾರೂ ಹೇಳಲಾರರು. ಹೇಳುತ್ತೇನೆ ಅನ್ನೋರನ್ನು ನಂಬಬೇಡಿ.

ಇಷ್ಟನ್ನು ನಮ್ಮ ಭಾಷೆಯಲ್ಲಿ ಐದು ನಿಮಿಷ ಕೂತು ಹೇಳುವ ಒಬ್ಬ ವಿಜ್ಞಾನಿ ಆ ರಾತ್ರಿ ಟಿವಿಯಲ್ಲಿ ಕಾಕಾಗೆ ಸಿಗಲಿಲ್ಲ. ಇದು ನನಗೆ ಯಾಕೆ ಚುಚ್ಚುತ್ತದೆ ಅಂದರೆ, ನಮ್ಮ ಹಳ್ಳಿಗಳಿಗೆ ಟಿವಿ ತಂದವರೇ ವಿಜ್ಞಾನಿಗಳು.

1975ರ ಆಗಸ್ಟ್ 1ರಂದು ಇಸ್ರೊ ‘ಸೈಟ್’ ಅನ್ನೋ ಪ್ರಯೋಗ ಶುರು ಮಾಡಿತು. ಅಮೆರಿಕದ ನಾಸಾದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಬೆಂಗಳೂರಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ ಹತ್ತು ಅಡಿ ಆಂಟೆನಾ, ಊರಿಗೊಂದೇ ಟಿವಿ, ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದವರು ಯಶ್ ಪಾಲ್, ಕಾಸ್ಮಿಕ್ ಕಿರಣಗಳನ್ನು ಅಧ್ಯಯನ ಮಾಡುತ್ತಿದ್ದ ಭೌತವಿಜ್ಞಾನಿ. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಇಸ್ರೊ ತನ್ನ ಬಾಂಬೆ ಸ್ಟುಡಿಯೋದಲ್ಲೇ ಮಾಡಿಸಿತು. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ಆ ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಬಂತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ!

ಯಶ್ ಪಾಲ್ ಅಲ್ಲಿಗೇ ನಿಲ್ಲಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ನಲ್ಲಿ ತಾವೇ ಕ್ಯಾಮೆರಾ ಮುಂದೆ ಬಂದರು. ಅದನ್ನು ನಡೆಸಿಕೊಟ್ಟವರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಒಬ್ಬರು. ಅಲ್ಲಿ ಯಶ್ ಪಾಲ್ ಮಾಡಿದ್ದು ಪಾಠವನ್ನಲ್ಲ. ನೋಡುಗರು ಕಳಿಸಿದ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಅಂದರೆ ಏನು ಹೇಳಬೇಕು ಅನ್ನೋದನ್ನು ಜನರ ಪ್ರಶ್ನೆಯೇ ತೀರ್ಮಾನಿಸುತ್ತಿತ್ತು.

ಇದರಿಂದ ಏನಾಗುತ್ತೆ ಅನ್ನೋರು ಎರಡು ಗ್ರಹಣಗಳನ್ನು ನೆನಪಿಸಿಕೊಳ್ಳಿ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಕರ್ನಾಟಕದ ಮೇಲೇ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಗೋಳ ವಿಜ್ಞಾನಿಗಳು ಬಿಡಾರ ಹಾಕಿದ್ದರು. ಊರೂರಲ್ಲಿ ಜನ ಮಾತ್ರ ಬಾಗಿಲು ಹಾಕಿ ಒಳಗೆ ಕೂತರು. 1995ರ ಅಕ್ಟೋಬರ್ 24ರ ಗ್ರಹಣವನ್ನು ಯಶ್ ಪಾಲ್ ದೂರದರ್ಶನದ ನೇರ ಪ್ರಸಾರದಲ್ಲಿ ವಿವರಿಸಿದರು. ಆ ಸಲ ಹೊರಗೆ ಬಂದು ನೋಡಿದವರು ಬಹಳ. ಟಿವಿ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ‘ಹೆದರಬೇಡಿ’ ಅಂತ ಆದೇಶ ಕೊಡೋದು ಬೇರೆ, ಯಾಕೆ ಹೆದರಬೇಕಿಲ್ಲ ಅಂತ ಪಕ್ಕದಲ್ಲಿ ಕೂತು ತೋರಿಸೋದು ಬೇರೆ.

ಈಗ ಮತ್ತೆ 2021ಕ್ಕೆ ಬರೋಣ. ಗಡಿಕೇಶ್ವರ ನಡುಗಿದ ಅದೇ ಅಕ್ಟೋಬರ್‌ನಲ್ಲಿ ಕಲಬುರಗಿ ದೂರದರ್ಶನದ ಹಳೇ ಅನಲಾಗ್ ಪ್ರಸಾರ ನಿಲ್ಲಿಸುವ ಸುದ್ದಿ ಬಂತು. ಕೇಂದ್ರ ಮುಚ್ಚಲ್ಲ, ಯೂಟ್ಯೂಬಿಗೆ, ಉಪಗ್ರಹ ವಾಹಿನಿಗೆ ಕಾರ್ಯಕ್ರಮ ಮಾಡುತ್ತೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಟವರ್ ಹೋಗಿದ್ದಕ್ಕೆ ನನಗೆ ಬೇಸರವಿಲ್ಲ, ಕಾಕಾನ ಕೈಯಲ್ಲೂ ಮೊಬೈಲ್ ಇದೆ. ನನ್ನ ತಕರಾರು ಇಷ್ಟೇ: ಸ್ಪಷ್ಟನೆಯಲ್ಲಿ ಹೇಳಿದ ಆ ಕಾರ್ಯಕ್ರಮದಲ್ಲಿ ಈ ನೆಲದ ಪ್ರಶ್ನೆಗೆ ಜಾಗ ಎಲ್ಲಿದೆ?

ಪ್ರಶ್ನೆಗಳೇನು ಕಮ್ಮಿ ಇಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ನೆಲ ನಡುಗಿದಾಗ ‘ಇದು ಗಣಿ ಸ್ಫೋಟದ್ದೇ’ ಅಂತ ಜನ ಅನುಮಾನಪಟ್ಟರೆ ಅದು ಮೂಢನಂಬಿಕೆಯಲ್ಲ, ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವೂ ಇದೆ. ಸ್ಫೋಟ ಸುತ್ತಲಿನ ನೆಲವನ್ನು ಎಲ್ಲ ದಿಕ್ಕಿಗೂ ಹೊರಗೆ ತಳ್ಳುತ್ತದೆ. ಭೂಕಂಪ ಕೆಲವು ದಿಕ್ಕಿಗೆ ತಳ್ಳಿದರೆ ಇನ್ನು ಕೆಲವು ದಿಕ್ಕಿನಿಂದ ಎಳೆಯುತ್ತದೆ. ಹಲವು ಕಡೆ ಕಂಪನಮಾಪಕ ಇಟ್ಟರೆ ಅದರ ಗೆರೆಗಳಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಆ ಗೆರೆಗಳನ್ನು ಪರದೆ ಮೇಲೆ ಹಾಕಿ, ‘ನೋಡ್ರಿ, ಇದು ಗಣಿದು, ಇದು ಭೂಮೀದು’ ಅಂತ ತೋರಿಸಿದರೆ ಜನ ನಂಬುತ್ತಾರೆ. ಬರೀ ‘ಗಣಿಗೂ ಇದಕ್ಕೂ ಸಂಬಂಧವಿಲ್ಲ’ ಅಂದರೆ ಯಾರು ನಂಬಬೇಕು?

ಕನ್ನಡದಲ್ಲಿ ಒಳ್ಳೆಯ ವಿಜ್ಞಾನ ವಿಡಿಯೋ ಮಾಡೋರು ಇದ್ದಾರೆ. ಆದರೆ ಗಡಿಕೇಶ್ವರದ ಕಂಪನವನ್ನು ವಾರವಾರ ವಿವರಿಸೋದು ಬೆಂಗಳೂರಲ್ಲಿ ಕೂತ ಒಬ್ಬ ಉತ್ಸಾಹಿಯ ಕೆಲಸವಲ್ಲ. ಕಲಬುರಗಿಯಲ್ಲಿ ದೂರದರ್ಶನದ ಸ್ಟುಡಿಯೋ ಇದೆ, ಗುಲ್ಬರ್ಗ ವಿಶ್ವವಿದ್ಯಾಲಯ ಇದೆ, ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಂಪನದ ದತ್ತಾಂಶ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಬಳಿ ಇದೆ. ವಾರಕ್ಕೆ ಅರ್ಧ ತಾಸು, ಜನ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಪ್ರಶ್ನೆ, ಕಲಬುರಗಿ ಕನ್ನಡದಲ್ಲಿ ವಿಜ್ಞಾನಿಯ ಉತ್ತರ. ಉಪಗ್ರಹ ಎರವಲು ತರಬೇಕಿಲ್ಲ. ಈ ಸಂಸ್ಥೆಗಳನ್ನು ಒಂದು ಮೇಜಿಗೆ ಕರೆಯೋ ಕೆಲಸ ಜಿಲ್ಲಾಡಳಿತದ್ದು, ವಿಜ್ಞಾನಿಯ ಟಿವಿ ಹೊತ್ತನ್ನು ಅವರ ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯೋದು ವಿಶ್ವವಿದ್ಯಾಲಯಗಳದ್ದು.

ಆ ರಾತ್ರಿ ನಾನು ವಾಪಸ್ ಫೋನ್ ಮಾಡಿ ಎಲ್ಲ ಹೇಳಿದಾಗ ಕಾಕಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, “ಇದನ್ನೇ ಟಿವಿದಾಗ ಹೇಳಿದ್ರ ಊರ ಮಂದಿಗೆಲ್ಲ ತಿಳೀತಿತ್ತಲ್ಲೋ ತಮ್ಮಾ.” ಹಿತ್ತಲ ಕಡೆಯ ಗೋಡೆಯಲ್ಲಿ ಬಿರುಕಿತ್ತು. ಅವರು ಅಂಗಳದಲ್ಲೇ ಮಲಗಿದರು.