ಎದುರಿನವನ ಕಣ್ಣು

ಬೆಳಕು ಬೇಡವೆನ್ನುವವರು ಲೋಕದಲ್ಲಿ ವಿರಳ. ಆದ್ದರಿಂದಲೇ, ಜೀಪಿನ ನೆತ್ತಿಯ ಮೇಲೆ ಸಾಲಾಗಿ, ಬೈಕಿನ ಮುಂದೆ ಜೋಡಿಯಾಗಿ ಎಲ್‌ಇಡಿ ದೀಪಗಳನ್ನು ಹಾಕಿಸಿಕೊಳ್ಳುವುದನ್ನು ಕಾನೂನು ತಡೆಯುತ್ತದೆಂದರೆ ನನ್ನ ಸಹಪಾಠಿಗಳಿಗೆ ಅದು ಅರಸಿಕರ ಕಟ್ಟಳೆಯಂತೆ ತೋರುತ್ತದೆ. “ಗಾಡಿ ನಮ್ಮದು, ದುಡ್ಡು ನಮ್ಮದು, ಸರ್ಕಾರಕ್ಕೇನು?” ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ಸ್ವಾರಸ್ಯವಿದೆ. ಅದರ 106ನೆಯ ನಿಯಮವು ಚಾಲಕನಿಗೆ ಎಷ್ಟು ಬೆಳಕು ಬೇಕೆಂದು ವಿಚಾರಿಸುವುದೇ ಇಲ್ಲ. ದೀಪದಿಂದ 8 ಮೀಟರು ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರು ಆಚೆ, ನೆಲದಿಂದ 1.5 ಮೀಟರು ಎತ್ತರದಲ್ಲಿ ಒಂದು ಕಣ್ಣನ್ನು ಕಲ್ಪಿಸಿಕೊಳ್ಳುತ್ತದೆ. ಆ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು, ಇಲ್ಲವೇ ಬಾಗಿಸಲು ಬರುವಂತಿರಬೇಕು. ಆ ಕಣ್ಣು ಯಾರದು? ಸೈಕಲ್ಲಿನಲ್ಲಿ ಎದುರು ಬರುವವನದು. ಸಂತೆ ಮುಗಿಸಿ ರಸ್ತೆಯಂಚಿನಲ್ಲಿ ನಡೆದು ಬರುವ ಹೆಂಗಸಿನದು. ಶುಷ್ಕವೆಂದು ನಾವು ದೂರುವ ಕಾನೂನಿನ ಪುಸ್ತಕದಲ್ಲಿ ಇಷ್ಟು ದಾಕ್ಷಿಣ್ಯವಿರುವುದನ್ನು ಕಂಡು ನನಗೆ ಆಶ್ಚರ್ಯವೇ ಆಯಿತು. ಇನ್ನು ಸ್ಪಾಟ್‌ಲೈಟು, ಸರ್ಚ್‌ಲೈಟುಗಳ ಮಾತು: 111ನೆಯ ನಿಯಮದಂತೆ, ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆದ ಹೊರತು ಅವನ್ನು ವಾಹನದ ಮುಂಭಾಗಕ್ಕೆ ಹಾಕುವಂತಿಲ್ಲ.

ಗಂಟೆಗೆ 60 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಅದರ ಚಾಲಕನಿಗೆ ಮೂರೇ ಸೆಕೆಂಡು ಕಣ್ಣು ಕತ್ತಲಿಟ್ಟರೂ 50 ಮೀಟರು ಕುರುಡನಾಗಿಯೇ ಬಂದಂತಾಯಿತು. ಬರುವುದೂ ನಮ್ಮ ಕಡೆಗೇ!

“ಆಗುಂಬೆಯ ಮಂಜಿನಲ್ಲಿ ಏನು ಮಾಡೋಣ?” ಎಂದು ಕೇಳುವವರಿದ್ದಾರೆ. ಮಂಜಿನಲ್ಲಿ ಮೇಲಕ್ಕೆ ಚೆಲ್ಲಿದ ಬೆಳಕು ನೀರಿನ ಹನಿಗಳಿಗೆ ತಾಗಿ ನಮ್ಮ ಮುಖಕ್ಕೇ ಹಿಂದಿರುಗುತ್ತದೆ. ಅಲ್ಲಿಗೆ ಬೇಕಾದುದು ಬಂಪರಿನ ಮಟ್ಟದಲ್ಲಿ ತಗ್ಗಾಗಿದ್ದು ಅಗಲಕ್ಕೆ ಹರಡುವ ದೀಪವೇ ಹೊರತು ನೆತ್ತಿಯ ಮೇಲಿನ ದೀಪೋತ್ಸವವಲ್ಲ.

ಹಾಗೆಂದು ಸರ್ಕಾರದ ಕ್ರಮವೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಇಂಥ ದೀಪಗಳ ಮೇಲೆ ಕಾರ್ಯಾಚರಣೆ ಆರಂಭಿಸಿದರು. ಮೋಟಾರು ವಾಹನ ಕಾಯಿದೆಯ 177ನೆಯ ಪ್ರಕರಣದಂತೆ ಮೊದಲ ತಪ್ಪಿಗೆ ದಂಡ 500 ರೂಪಾಯಿ. ದಂಡ ತೆರುವವನು ದೀಪ ಹಾಕಿಸಿಕೊಂಡವನು. ಮಾರಿದ ಅಂಗಡಿಯವನು ಮರುದಿನವೂ ಅದೇ ದೀಪವನ್ನು ಬಾಗಿಲಿಗೇ ತೂಗುಹಾಕಿ ಕುಳಿತಿರುತ್ತಾನೆ. ಇದು ಯಾವ ನ್ಯಾಯ? ಅಲ್ಲದೆ, ಅಂಚಿಗೆ ಬಿಳಿಯ ಗೆರೆಯಿಲ್ಲದ, ತಿರುವಿನಲ್ಲಿ ಹೊಳೆಯುವ ಫಲಕವೂ ಇಲ್ಲದ ಹಳ್ಳಿಯ ರಸ್ತೆಯಲ್ಲಿ ದಾರಿ ಕಾಣದೆ ಒಂದು ದೀಪ ಹೆಚ್ಚಿಗೆ ಹಾಕಿಸಿದ ಟೆಂಪೋ ಚಾಲಕನನ್ನು ಪುಂಡನೆಂದು ಕರೆಯಲು ನನ್ನ ನಾಲಗೆ ಏಳದು. ಅವನಿಗೆ ದಂಡದ ರಸೀತಿ ಕೊಡುವ ಮುನ್ನ ಆ ಗೆರೆಯನ್ನು ಎಳೆಯಿಸಬೇಕು. ಅಂಗಡಿಗಳನ್ನೂ ತಪಾಸಣೆ ಮಾಡಬೇಕು.

ನಮ್ಮ ಪಾಲಿಗೆ ಒಂದು ಸೂಚನೆಯುಂಟು. ಕಾಲೇಜಿನ ವಾಹನ ನಿಲ್ದಾಣದ ಗೋಡೆಯ ಮೇಲೆ 1.5 ಮೀಟರು ಎತ್ತರಕ್ಕೆ ಸುಣ್ಣದ ಗೆರೆಯೊಂದನ್ನು ಎಳೆದು, ಸಂಜೆಗತ್ತಲಲ್ಲಿ 8 ಮೀಟರು ದೂರದಿಂದ ದೀಪ ಹಾಕಿ ನೋಡೋಣ. ಇದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಡ. ಬೆಳಕು ಗೆರೆಯನ್ನು ದಾಟಿದರೆ ದೀಪವನ್ನು ಕೆಳಕ್ಕೆ ತಿರುಗಿಸಲು ಒಂದು ಸ್ಪ್ಯಾನರು ಸಾಕು.